ಟ್ರಾಫಿಕ್ ನಡುವೆ ಸೈಕಲ್: ಬೇಗ ಮುಟ್ಟಬೇಕು, ಬೀಳಬಾರದು

ಒಂದು ಚಿಕ್ಕ ಲೆಕ್ಕದಿಂದ ಶುರು ಮಾಡೋಣ. ಹತ್ತು ಕಿಲೋಮೀಟರ್ ದೂರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ 24 ನಿಮಿಷ. 30ರ ವೇಗದಲ್ಲಿ ಹೋದರೆ 20 ನಿಮಿಷ. ಏದುಸಿರು ಬಿಟ್ಟು ತುಳಿದು ಉಳಿಸಿದ್ದು ನಾಲ್ಕೇ ನಿಮಿಷ. ಅದಕ್ಕೆ ಕಾಲು ತೆತ್ತ ಬೆಲೆ ಮಾತ್ರ ಜಾಸ್ತಿ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 25ರಿಂದ 30ಕ್ಕೆ ಏರಲು ಗಾಳಿಯೊಂದಕ್ಕೇ ಸುಮಾರು 1.7 ಪಟ್ಟು ಶಕ್ತಿ ಸುರಿಯಬೇಕು. ಮುಂದೆ ಎರಡು ಉದ್ದದ ಕೆಂಪು ದೀಪ ಸಿಕ್ಕರೆ ಉಳಿಸಿದ್ದೆಲ್ಲ ಅಲ್ಲೇ ಕರಗಿತು.

ಟ್ರಾಫಿಕ್‌ನಲ್ಲಿ ನಿಜವಾಗಿ ಬೇಗ ಹೋಗುವವರನ್ನು ಒಮ್ಮೆ ಹಿಂದಿನಿಂದ ಗಮನಿಸಿ. ಅವರು ಅಂಥ ಜೋರಾಗಿ ಏನೂ ತುಳಿಯುತ್ತಿರುವುದಿಲ್ಲ. ಬ್ರೇಕ್ ಹಿಡಿಯುವುದು ಕಡಿಮೆ, ಕಾಲು ಊರುವುದು ಕಡಿಮೆ, ಗಕ್ಕನೆ ಅಡ್ಡ ತಿರುಗುವುದಂತೂ ಇಲ್ಲವೇ ಇಲ್ಲ. ಮುಂದೆ ಏನಾಗಲಿದೆ ಅಂತ ಅವರಿಗೆ ಮೂರು ನಾಲ್ಕು ಸೆಕೆಂಡ್ ಮೊದಲೇ ಗೊತ್ತಾಗಿರುತ್ತದೆ. ಅವರನ್ನು ಬೇಗ ಮುಟ್ಟಿಸುವುದೂ ಅದೇ, ಕಾಪಾಡುವುದೂ ಅದೇ. ಹಾಗಾಗಿ ಇಲ್ಲಿ ಕಾಲಿನ ಕೆಲಸಕ್ಕಿಂತ ಕಣ್ಣಿನ ಕೆಲಸದ ಮಾತೇ ಹೆಚ್ಚು.

ವಾಹನಗಳು ಎಡಗಡೆ ಸಾಗುವ ರಸ್ತೆಯನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಲಗಡೆ ಸಾಗುವ ದೇಶದಲ್ಲಿದ್ದರೆ ಎಡ–ಬಲ ಅದಲುಬದಲು ಮಾಡಿ ಓದಿಕೊಳ್ಳಿ.

1. ಹೊರಡುವ ಮುಂಚೆ ಒಂದು ನಿಮಿಷ

ಗಾಳಿ, ಬ್ರೇಕ್, ಸೀಟು, ಹೆಲ್ಮೆಟ್. ಇದೇ ಕ್ರಮದಲ್ಲಿ ನೋಡಿ.

ಟೈರಿನ ಬದಿಯಲ್ಲಿ ಅತಿ ಹೆಚ್ಚು ಎಷ್ಟು ಗಾಳಿ ಹಾಕಬಹುದು ಅಂತ ಬರೆದಿರುತ್ತದೆ. ಅದು ಮಿತಿ, ಗುರಿ ಅಲ್ಲ. 28 ಮಿ.ಮೀ. ಅಗಲದ ಟೈರು, 70 ಕಿಲೋ ತೂಕದ ಸವಾರ ಎಂದರೆ 65ರಿಂದ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಹಿಂದಿನ ಟೈರಿಗೆ ತುಸು ಜಾಸ್ತಿ, ಯಾಕೆಂದರೆ ತೂಕ ಹೆಚ್ಚು ಬೀಳುವುದು ಅಲ್ಲೇ. ಕಲ್ಲಿನಂತೆ ಗಟ್ಟಿ ಮಾಡಿದರೆ ಜೋರಾಗಿ ಹೋಗುತ್ತದೆ ಅನ್ನುವುದು ಹಳೆಯ ನಂಬಿಕೆ. ತರಿತರಿ ರಸ್ತೆಯಲ್ಲಿ ಅಂಥ ಟೈರು ಕುಣಿಯುತ್ತದೆ, ಹಿಡಿತ ತಪ್ಪುತ್ತದೆ, ವೇಗವೂ ಕಡಿಮೆ. ತೀರಾ ಮೆತ್ತಗಿದ್ದರೆ ಇನ್ನೊಂದು ತಾಪತ್ರಯ. ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಬ್ರೇಕ್ ನೋಡಲು ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿದರೆ ಚಕ್ರ ಉರುಳದೆ ಜಾರಬೇಕು. ಲಿವರ್ ಹ್ಯಾಂಡಲ್‌ಗೆ ಮುಟ್ಟುವಷ್ಟು ಒಳಗೆ ಬರುತ್ತಿದ್ದರೆ ಕೇಬಲ್ ಬಿಗಿ ಮಾಡದೆ ಹೊರಡಬೇಡಿ. ಆಮೇಲೆ ಇಡೀ ಸೈಕಲನ್ನು ನಾಲ್ಕು ಬೆರಳಷ್ಟು ಎತ್ತಿ ಕೈಬಿಡಿ. ಸುಮ್ನೆ ಧಪ್ ಅಂದರೆ ಸರಿ. ಎಲ್ಲಾದರೂ ಗಲಗಲ ಅಂದರೆ ಏನೋ ಸಡಿಲವಾಗಿದೆ. ಹುಡುಕಿ.

ಸೀಟಿನ ಎತ್ತರ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ. ಸೀಟು ತಗ್ಗಿಸಿಕೊಂಡು ಓಡಿಸಿದರೆ ಕಾಲು ಊರುವುದು ಸಲೀಸು, ಆದರೆ ಮಂಡಿ ನೋವು ಗ್ಯಾರಂಟಿ.

ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು. ಹಣೆ ಪೂರ್ತಿ ಕಾಣುವಂತೆ ಹಿಂದಕ್ಕೆ ಜಾರಿಸಿಕೊಂಡರೆ ಅದು ಟೋಪಿ ಅಷ್ಟೇ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ. ಒಳಗಿನ ಫೋಮ್ ಅಪ್ಪಚ್ಚಿಯಾಗುವುದು ಒಂದೇ ಸಲ.

2. ವೇಗಕ್ಕಿಂತ ಮೊದಲು ಬ್ರೇಕ್ ಕಲಿಯಿರಿ

ಇದನ್ನು ಯಾರೂ ಕೂತು ಕಲಿಯುವುದಿಲ್ಲ. ಸೈಕಲ್ ಹತ್ತಲು ಬಂತು, ಬ್ರೇಕೂ ಬಂತು ಅಂದುಕೊಳ್ಳುತ್ತೇವೆ. ನಾನೂ ಅಷ್ಟೇ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ ಅಂತ ಚಿಕ್ಕಂದಿನಲ್ಲಿ ಯಾರೋ ಹೆದರಿಸಿದ್ದರು. ವರ್ಷಗಟ್ಟಲೆ ಹಿಂದಿನದನ್ನೇ ಹಿಡಿದೆ. ಒಂದು ದಿನ ಅಡ್ಡರಸ್ತೆಯಿಂದ ಕಾರೊಂದು ಮೂತಿ ಚಾಚಿತು. ಹಿಂದಿನ ಚಕ್ರ ಕಚ್ಚಿಕೊಂಡು, ಸರ್‍ರ್ ಅಂತ ಜಾರುತ್ತಾ ಹೋಗಿ ಅದರ ಬಾಗಿಲಿಗೆ ಭುಜ ಕೊಟ್ಟೆ. ಮುಂದಿನ ಬ್ರೇಕ್ ಹಿಡಿದಿದ್ದರೆ ಎರಡು ಮೀಟರ್ ಈಚೆಗೇ ನಿಲ್ಲುತ್ತಿದ್ದೆ.

ನಡೆಯುವುದು ಹೀಗೆ. ಬ್ರೇಕ್ ಹಿಡಿದ ಕೂಡಲೇ ಮೈಭಾರ ಮುಂದಕ್ಕೆ ಹೋಗುತ್ತದೆ. ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ನಿಲ್ಲಿಸುವ ತಾಕತ್ತಿಲ್ಲ. ಹಿಂದಿನ ಬ್ರೇಕ್ ಮಾತ್ರ ಹಿಡಿದರೆ ನಿಲ್ಲಲು ಹತ್ತಿರ ಹತ್ತಿರ ಎರಡು ಪಟ್ಟು ದೂರ ಬೇಕು. ಪಲ್ಟಿ ಹೊಡೆಯುವುದು ಮುಂದಿನ ಬ್ರೇಕ್ ಹಿಡಿದ ಮಾತ್ರಕ್ಕಲ್ಲ. ಅದನ್ನು ಗಬಕ್ಕನೆ ಎಳೆದದ್ದಕ್ಕೆ, ಕೈ ಸಡಿಲ ಬಿಟ್ಟು, ಮೈ ಮುಂದಕ್ಕೆ ತೂರಿಹೋಗಲು ಬಿಟ್ಟದ್ದಕ್ಕೆ.

ಖಾಲಿ ಮೈದಾನಕ್ಕೋ ವಾಹನವಿಲ್ಲದ ರಸ್ತೆಗೋ ಹೋಗಿ. ಮೊದಲು ನಿಮ್ಮ ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಯಾವ ಕೈಯಲ್ಲಿದೆ ನೋಡಿಕೊಳ್ಳಿ. ಇದು ದೇಶದಿಂದ ದೇಶಕ್ಕೆ ಬೇರೆ, ಬಾಡಿಗೆ ಸೈಕಲ್ ತಗೊಂಡಾಗ ಮೋಸ ಹೋಗುವುದು ಇಲ್ಲೇ. ಆಮೇಲೆ:

ನಡಿಗೆಗಿಂತ ತುಸು ಜೋರಾಗಿ ಹೋಗಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿರಲಿ. ಸೀಟಿನಿಂದ ಸ್ವಲ್ಪ ಎದ್ದು ಸೊಂಟವನ್ನು ಹಿಂದಕ್ಕೆ ತನ್ನಿ, ತೋಳನ್ನು ಹ್ಯಾಂಡಲ್‌ಗೆ ಊರಿ ಹಿಡಿಯಿರಿ. ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯಿರಿ, ಮುಂದಿನದನ್ನು ಹಿಂಡುತ್ತಾ ಹೋಗಿ. ಗಬಕ್ಕನೆ ಎಳೆಯಬೇಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ. ಹಿಂದಿನ ಚಕ್ರ ಜಾರಲು ಶುರುವಾದರೆ ಅದು ನಿಮಗೆ ಸಿಗುವ ಎಚ್ಚರಿಕೆ. ಮುಂದಿನದನ್ನು ಕೂದಲೆಳೆಯಷ್ಟು ಸಡಿಲಿಸಿ. ಹತ್ತು ಸಲ ಮಾಡಿ, ವೇಗ ಏರಿಸಿ, ಮತ್ತೆ ಹತ್ತು ಸಲ. ನೆಲಕ್ಕೆ ಗೆರೆ ಹಾಕಿ ಎಲ್ಲಿ ನಿಂತಿರಿ ಅಂತ ಅಳೆದರೆ ಆಟವೂ ಆಗುತ್ತದೆ.

ಒಣ ರಸ್ತೆ, ಒಳ್ಳೆಯ ಬ್ರೇಕ್, ಪಳಗಿದ ಕೈ ಅಂತಲೇ ಇಟ್ಟುಕೊಳ್ಳಿ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಸೇರಿಸಿದರೆ, 20ರ ವೇಗದಲ್ಲಿ ನಿಲ್ಲಲು ಸುಮಾರು 9 ಮೀಟರ್ ಬೇಕು. 30ರಲ್ಲಿ 15. 40ರಲ್ಲಿ 23. ವೇಗ ಎರಡು ಪಟ್ಟಾದರೆ ದೂರ ಎರಡೂವರೆ ಪಟ್ಟು ದಾಟುತ್ತದೆ. ಅಷ್ಟು ದೂರ ಖಾಲಿ ರಸ್ತೆ ಕಣ್ಣಿಗೆ ಕಾಣದಿದ್ದರೆ ಆ ವೇಗ ನಿಮ್ಮದಲ್ಲ.

3. ರಸ್ತೆಯಲ್ಲಿ ಎಲ್ಲಿ ಇರಬೇಕು

ಹೊಸಬರು ಮಾಡುವ ದೊಡ್ಡ ತಪ್ಪು ಅಂಚಿಗೆ ಅಂಟಿಕೊಂಡು ಹೋಗುವುದು. ಭಯಕ್ಕೆ ಹಾಗನಿಸುತ್ತದೆ, ಸಹಜ. ಆದರೆ ಅಂಚಿನಲ್ಲಿ ಇರುವುದೇನು? ಮರಳು, ಗಾಜಿನ ಚೂರು, ಚರಂಡಿಯ ಜಾಲರಿ, ಮುರಿದ ಡಾಂಬರು. ಜತೆಗೆ ನೀವು ಅಂಚಿನಲ್ಲಿದ್ದರೆ ಹಿಂದಿನವನಿಗೆ ಪಕ್ಕದಲ್ಲೇ ತೂರಿಕೊಂಡು ಹೋಗಬಹುದು ಅನಿಸುತ್ತದೆ. ಅವನು ಒತ್ತಿದಾಗ ನಿಮಗೆ ಸರಿಯಲು ಜಾಗವಿರುವುದಿಲ್ಲ.

ಅಂಚಿನಿಂದ ಕನಿಷ್ಠ ಮುಕ್ಕಾಲು ಮೀಟರ್, ಸಾಧ್ಯವಾದರೆ ಒಂದು ಮೀಟರ್ ಈಚೆಗಿರಿ. ರಸ್ತೆ ಅಗಲವಾಗಿದ್ದರೆ ಇದು ಸಾಕು. ರಸ್ತೆ ಕಿರಿದಾದಾಗ, ಕುರುಡು ತಿರುವಿನಲ್ಲಿ, ಜಂಕ್ಷನ್ ಹತ್ತಿರ ಬಂದಾಗ, ಟ್ರಾಫಿಕ್‌ನ ವೇಗಕ್ಕೇ ನೀವೂ ಹೋಗುತ್ತಿರುವಾಗ ಲೇನ್‌ನ ಮಧ್ಯಕ್ಕೇ ಬನ್ನಿ. ಹಿಂದಿನವನಿಗೆ ಈಗ ಅನುಮಾನವಿಲ್ಲ: ಕಾಯಬೇಕು, ಇಲ್ಲವೇ ಪೂರ್ತಿ ಪಕ್ಕದ ಲೇನ್‌ಗೆ ಹೋಗಬೇಕು. ಜಾಗ ಸಿಕ್ಕ ಕೂಡಲೇ ಮತ್ತೆ ಎಡಕ್ಕೆ ಸರಿದು ಬಿಟ್ಟುಕೊಡಿ. ಕೈ ಎತ್ತಿ ಒಂದು ಥ್ಯಾಂಕ್ಸ್ ಹೇಳಿದರೆ ಮುಂದಿನ ಸೈಕಲ್ ಸವಾರನಿಗೂ ಉಪಕಾರ. ಮೈಲುಗಟ್ಟಲೆ ಮಧ್ಯದಲ್ಲೇ ಕೂತಿರುವುದು ಮಾತ್ರ ಹಟ.

ಈಗ ನಿಂತ ಕಾರುಗಳು. ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಬರುತ್ತದೆ. ನಿಮ್ಮ ಹ್ಯಾಂಡಲ್‌ನ ತುದಿ ಅದರಾಚೆಗಿರಬೇಕು. ಅಂದರೆ ಚಕ್ರ ಕಾರಿನಿಂದ ಒಂದೂವರೆ ಮೀಟರ್ ದೂರ. ಒಳಗೆ ತಲೆ ಕಾಣುತ್ತಾ, ಬ್ರೇಕ್ ಲೈಟ್ ಈಗಷ್ಟೇ ಆರಿತಾ, ಮುಂದಿನ ಚಕ್ರ ಹೊರಕ್ಕೆ ತಿರುಗಿದೆಯಾ ಅಂತ ನೋಡುತ್ತಾ ಹೋಗಿ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ನುಗ್ಗಿ, ಮತ್ತೆ ಹೊರಗೆ ಬರಬೇಡಿ. ಹಿಂದಿನವನಿಗೆ ನೀವು ಮಾಯವಾಗಿ ಮತ್ತೆ ಪ್ರತ್ಯಕ್ಷ ಆದ ಹಾಗೆ. ನೇರ ಗೆರೆ ಹಿಡಿದು ಹೋಗಿ. (ನೀವೇ ಕಾರಿನಲ್ಲಿದ್ದಾಗ ಬಾಗಿಲನ್ನು ದೂರದ ಕೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ.)

4. ಹಿಂದೆ ನೋಡುವುದು

ಸುಲಭ ಅನಿಸುತ್ತೆ, ಅಲ್ವಾ? ಖಾಲಿ ರಸ್ತೆಯ ಬಿಳಿ ಗೆರೆಯ ಮೇಲೆ ಹೋಗುತ್ತಾ ಬಲಕ್ಕೆ ತಲೆ ತಿರುಗಿಸಿ ನೋಡಿ. ಸೈಕಲ್ಲೂ ಬಲಕ್ಕೇ ಎಳೆದುಕೊಂಡು ಹೋಗುತ್ತದೆ. ಭುಜ ತಿರುಗಿದಾಗ ಕೈ ಹ್ಯಾಂಡಲನ್ನು ಎಳೆಯುವುದೇ ಕಾರಣ. ಭುಜ ಸಡಿಲ ಬಿಟ್ಟು, ಗಲ್ಲವನ್ನು ಭುಜಕ್ಕೆ ತಾಗಿಸುವಂತೆ ಕತ್ತು ಮಾತ್ರ ತಿರುಗಿಸಿ. ಗೆರೆ ಬಿಡದೆ ಹಿಂದಿನ ಕಾರಿನ ಬಣ್ಣ ಹೇಳಲು ಬರುವ ತನಕ ಅಭ್ಯಾಸ ಮಾಡಿ. ಕನ್ನಡಿ ಇದ್ದರೆ ಒಳ್ಳೆಯದೇ, ಆದರೆ ಜಾಗ ಬದಲಿಸುವ ಮುಂಚೆ ಕತ್ತು ತಿರುಗಿಸಲೇಬೇಕು. ಇದರಲ್ಲೊಂದು ಗುಟ್ಟಿದೆ. ಸವಾರ ತಿರುಗಿ ನೋಡಿದರೆ ಹಿಂದಿನ ಚಾಲಕನಿಗೆ ‘ಇವನು ಏನೋ ಮಾಡಲಿದ್ದಾನೆ’ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಕೈ ತೋರಿಸುವ ಮುಂಚೆಯೇ ವೇಗ ಇಳಿಸಿರುತ್ತಾನೆ.

ಕ್ರಮ ಇದು: ನೋಡಿ, ಕೈ ತೋರಿಸಿ, ಮತ್ತೆ ನೋಡಿ, ಆಮೇಲೆ ಸರಿಯಿರಿ. ಕೈ ತೋರಿಸಿದೆನಲ್ಲ ಅಂತ ನೋಡದೆ ಸರಿಯುವವರೇ ಜಾಸ್ತಿ. ಇಯರ್‌ಫೋನ್ ಬೇಡ. ಹಿಂದೆ ಬರುವ ಇಂಜಿನ್ ಗೇರ್ ಬದಲಿಸಿದ ಸದ್ದಿನಲ್ಲೇ ಅರ್ಧ ಸುದ್ದಿ ಇರುತ್ತದೆ. ಆದರೆ ಎಲೆಕ್ಟ್ರಿಕ್ ವಾಹನಗಳು ಬಂದಮೇಲೆ ಕಿವಿಯನ್ನಷ್ಟೇ ನಂಬುವ ಕಾಲ ಹೋಯಿತು.

5. ಜಂಕ್ಷನ್

ಹೆಚ್ಚು ಎಚ್ಚರ ಬೇಕಾದ ಜಾಗ ಇದೇ. ಹಿಂದಿನಿಂದ ಗುದ್ದುತ್ತಾರೆ ಅಂತ ಎಲ್ಲರಿಗೂ ಭಯ. ಊರೊಳಗೆ ಹೆಚ್ಚು ಕಾಡುವುದು ಅಡ್ಡ ಬರುವವರು, ತಿರುಗುವವರು.

ಮೊದಲನೆಯವನು ಎಡಗಡೆ ಅಡ್ಡರಸ್ತೆಯಿಂದ ಬರುವವನು. ಅವನು ನಿಮ್ಮ ಕಡೆ ನೋಡಿದ ಮಾತ್ರಕ್ಕೆ ನಿಮ್ಮನ್ನು ಕಂಡ ಅಂತಲ್ಲ. ಅವನ ಕಣ್ಣು ಹುಡುಕುವುದು ಕಾರನ್ನು, ಲಾರಿಯನ್ನು. ಮುಂಗಾಜಿನ ಪಕ್ಕದ ಕಂಬವೇ ಒಂದು ಸೈಕಲನ್ನು ಪೂರ್ತಿ ಮುಚ್ಚಬಲ್ಲದು. ಹಾಗಾಗಿ ಅವನ ಮುಖ ನೋಡಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಚಕ್ರ ಉರುಳುವಾಗ ಅದರ ಮೇಲ್ತುದಿ ಕಾರಿನ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಕಾರಿನ ಮೈ ಅಲುಗಿತೋ ಇಲ್ಲವೋ ಅನ್ನುವಾಗಲೇ ಚಕ್ರದ ಮೇಲಿನ ಅಕ್ಷರಗಳು ಸರಿಯುವುದು ಕಾಣುತ್ತದೆ. ಅರ್ಧ ಸೆಕೆಂಡ್ ಲಾಭ. 30ರ ವೇಗದಲ್ಲಿ ಅದು ನಾಲ್ಕು ಮೀಟರ್. ಇಂಥ ಕಡೆ ಬೆರಳು ಬ್ರೇಕ್ ಮೇಲಿರಲಿ, ತುಳಿಯುವುದು ನಿಲ್ಲಿಸಿ. ಸಾಧ್ಯವಾದರೆ ಲೇನ್‌ನ ಮಧ್ಯಕ್ಕೆ ಬನ್ನಿ. ಅಂಚಿನಿಂದ ದೂರವಾದಷ್ಟೂ ಅವನಿಗೆ ನೀವು ಬೇಗ ಕಾಣುತ್ತೀರಿ.

ಎರಡನೆಯವನು ನಿಮ್ಮನ್ನು ಓವರ್‌ಟೇಕ್ ಮಾಡಿ, ಕೂಡಲೇ ನಿಮ್ಮ ಮೂಗಿನ ಮುಂದೆ ಎಡಕ್ಕೆ ತಿರುಗುವವನು. ಸೈಕಲ್ ಇಷ್ಟು ಬೇಗ ಬರುತ್ತದೆ ಅಂತ ಅವನಿಗೆ ಹೊಳೆದಿರುವುದೇ ಇಲ್ಲ. ನೀವು ಜೋರಾಗಿ ಹೋಗುವವರಾದಷ್ಟೂ ಇದು ಹೆಚ್ಚು. ಮದ್ದು ಒಂದೇ, ಜಂಕ್ಷನ್‌ಗೆ ಇಪ್ಪತ್ತು ಮೂವತ್ತು ಮೀಟರ್ ಇರುವಾಗಲೇ ಹಿಂದೆ ನೋಡಿ ಲೇನ್‌ನ ಮಧ್ಯ ಹಿಡಿಯುವುದು. ಅವನು ನಿಮ್ಮ ಹಿಂದೆಯೇ ಉಳಿಯುತ್ತಾನೆ.

ಮೂರನೆಯವನು ಎದುರಿನಿಂದ ಬಂದು ಬಲಕ್ಕೆ ತಿರುಗುವವನು. ನೀವು ಬಸ್ಸಿನ ಎಡಪಕ್ಕದಲ್ಲಿ ಅಡಗಿ ಹೋಗುತ್ತಿದ್ದರೆ ಅವನಿಗೆ ಕಾಣುವುದು ಬಸ್ಸು ಮಾತ್ರ. ಬಸ್ಸು ದಾಟಿತು ಅಂತ ಅವನು ತಿರುಗುತ್ತಾನೆ, ಅಲ್ಲಿ ನೀವು. ಜಂಕ್ಷನ್ ಒಳಗೆ ದೊಡ್ಡ ವಾಹನದ ನೆರಳು ಬೇಡ.

ಬಲಕ್ಕೆ ತಿರುಗಬೇಕಾದವರು ನೀವೇ ಆದರೆ ಎರಡು ದಾರಿ. ಟ್ರಾಫಿಕ್ ನಿಧಾನವಿದ್ದರೆ ಬಹಳ ಮುಂಚೆಯೇ, ಒಂದೊಂದೇ ಲೇನ್ ನೋಡಿ ದಾಟುತ್ತಾ ಮಧ್ಯಕ್ಕೆ ಬಂದು ತಿರುಗಿ. ವೇಗವಾಗಿ ಸಾಗುವ ದೊಡ್ಡ ರಸ್ತೆಯಾದರೆ ನೇರ ದಾಟಿ, ಆಚೆ ಬದಿಯ ಮೂಲೆಯಲ್ಲಿ ನಿಂತು ಸೈಕಲ್ ತಿರುಗಿಸಿ, ಆ ಕಡೆಯ ಹಸಿರು ದೀಪಕ್ಕೆ ಹೊರಡಿ. ಒಂದು ನಿಮಿಷ ಹೋಗುತ್ತದೆ, ಹೋಗಲಿ.

6. ಲಾರಿ, ಬಸ್ಸು

ನಿಂತಿರುವ ಲಾರಿಯ ಎಡಪಕ್ಕಕ್ಕೆ ಎಂದೂ ತೂರಬೇಡಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ. ಉದ್ದದ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತವೆ. ನೀವು ನಿಂತಾಗ ಎರಡು ಮೀಟರ್ ಇದ್ದ ಜಾಗ ಲಾರಿ ಎಡಕ್ಕೆ ತಿರುಗುತ್ತಿದ್ದಂತೆ ಮುಚ್ಚಿಹೋಗುತ್ತದೆ. ಮೇಲೆ ಕೂತ ಚಾಲಕನಿಗೆ ಆ ಪಕ್ಕವೂ ಕಾಣುವುದಿಲ್ಲ, ಮೂತಿಗೆ ಅಂಟಿಕೊಂಡ ಮುಂಭಾಗವೂ ಕಾಣುವುದಿಲ್ಲ. ನಿಮಗೆ ಅವನ ಕನ್ನಡಿಯಲ್ಲಿ ಅವನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ. ಹಿಂದೆಯೇ ನಿಲ್ಲಿ.

ಬಸ್ಸಿನ ಬೆನ್ನಿಗಂಟಿ ಗಾಳಿ ತಪ್ಪಿಸಿಕೊಂಡು ಹೋಗುವುದು ಮಜಾ ಕೊಡುತ್ತದೆ, ನಿಜ. ಮುಂದಿನ ಗುಂಡಿ ಕಾಣುವುದಿಲ್ಲ, ಬಸ್ಸಿನ ಬ್ರೇಕ್ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಎರಡು ಸೆಕೆಂಡ್ ಅಂತರ ಬಿಡಿ. ಅದು ಹಾದುಹೋದ ಕಂಬದ ಹತ್ತಿರ ನೀವು ಬರುವಷ್ಟರಲ್ಲಿ ಎರಡು ಎಣಿಸಲು ಆಗಬೇಕು. ಅಂದಹಾಗೆ, ಸೈಕಲನ್ನು ಓವರ್‌ಟೇಕ್ ಮಾಡುವಾಗ ಕಾರು ಒಂದೂವರೆ ಮೀಟರ್ ಬಿಡಬೇಕು ಅನ್ನುವ ನಿಯಮ ಹಲವು ದೇಶಗಳಲ್ಲಿದೆ. ಫ್ರಾನ್ಸಿನಲ್ಲಿ ಊರೊಳಗೆ ಒಂದು ಮೀಟರ್, ಹೊರಗೆ ಒಂದೂವರೆ. ನಿಯಮವಿದೆ ಅಂತ ಮೈಮರೆಯುವ ಹಾಗಿಲ್ಲ.

7. ತಿರುವು, ಮತ್ತೆ ಆ ವಿಚಿತ್ರ ವಿದ್ಯೆ

ಬ್ರೇಕ್ ತಿರುವಿಗೆ ಮೊದಲು. ಒಳಗೆ ಹೋದಮೇಲೆ ಹಿಡಿದರೆ ಟೈರಿನ ಹಿಡಿತವನ್ನು ಬ್ರೇಕೂ ತಿರುವೂ ಹಂಚಿಕೊಳ್ಳಬೇಕಾಗುತ್ತದೆ. ಹೊರಗಿನ ಪೆಡಲ್ ಕೆಳಗೆ, ಅದರ ಮೇಲೆ ಭಾರ. ಒಳಗಿನದು ಮೇಲೆ, ಇಲ್ಲದಿದ್ದರೆ ನೆಲಕ್ಕೆ ಬಡಿಯುತ್ತದೆ. ಕಣ್ಣು ತಿರುವಿನ ಕೊನೆಗೆ. ಕಲ್ಲನ್ನೇ ನೋಡಿದರೆ ಕಲ್ಲಿನ ಮೇಲೇ ಹೋಗುತ್ತೀರಿ. ಸೈಕಲ್ ಕಣ್ಣಿನ ಹಿಂದೆ ಹೋಗುವ ಪ್ರಾಣಿ.

ವಿಮಾನ ಹಾರಿಸುವ ಮುಂಚೆ ರೈಟ್ ಸೋದರರು ಸೈಕಲ್ ಮಾಡಿ ಮಾರುತ್ತಿದ್ದರು. ಅಣ್ಣ ವಿಲ್ಬರ್ ಅನೇಕ ಸವಾರರನ್ನು ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ಕೇಳುತ್ತಿದ್ದನಂತೆ. ಕೇಳಿದ ಕೂಡಲೇ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲವಂತೆ. ಎಡಕ್ಕೆ ತಿರುಗಲು ನಾವು ಮೊದಲು ಹ್ಯಾಂಡಲನ್ನು ಕ್ಷಣಮಾತ್ರ ಬಲಕ್ಕೆ ತಿರುಗಿಸುತ್ತೇವೆ. ಸೈಕಲ್ ಎಡಕ್ಕೆ ವಾಲುತ್ತದೆ, ಆಮೇಲೆ ತಿರುಗುತ್ತದೆ. ಮೈಗೆ ಗೊತ್ತು, ತಲೆಗೆ ಗೊತ್ತಿಲ್ಲ.

ಇದನ್ನು ತಲೆಗೂ ಕಲಿಸಿದರೆ ಒಂದು ದಿನ ಜೀವ ಉಳಿಯುತ್ತದೆ. ಪಕ್ಕದ ಕಾರು ದಿಢೀರನೆ ಎಡಕ್ಕೆ ತಿರುಗಿತು, ನಿಲ್ಲಲು ಜಾಗವಿಲ್ಲ ಅನ್ನಿ. ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ತಳ್ಳಿ. ಸೈಕಲ್ ಕೂಡಲೇ ಎಡಕ್ಕೆ ಬೀಳುವಂತೆ ವಾಲುತ್ತದೆ, ಕಾರಿನ ಜತೆಜತೆಗೇ ತಿರುಗಿ ಹೋಗುತ್ತೀರಿ. ಮೈದಾನದಲ್ಲಿ, ನಿಧಾನ ವೇಗದಲ್ಲಿ, ಸಣ್ಣ ತಳ್ಳುವಿಕೆಯಿಂದ ಶುರು ಮಾಡಿ.

8. ನೆಲವನ್ನು ಓದುವುದು

ಗುಂಡಿ ತಪ್ಪಿಸಲು ಆಗದಿದ್ದರೆ ಅದಕ್ಕೆ ಮೊದಲೇ ಬ್ರೇಕ್ ಹಿಡಿದು, ಅಂಚಿಗೆ ಬರುವಾಗ ಬಿಟ್ಟುಬಿಡಿ. ಸೀಟಿನಿಂದ ಎದ್ದು, ಮೊಣಕೈ ಮಂಡಿ ಬಾಗಿಸಿ, ಸೈಕಲ್ ನಿಮ್ಮ ಕೆಳಗೆ ಕುಣಿಯಲು ಬಿಡಿ. ರಸ್ತೆಗೆ ಅಡ್ಡ ಬಂದ ರೈಲು ಹಳಿಯನ್ನು ಆದಷ್ಟು ಲಂಬ ಕೋನದಲ್ಲಿ ದಾಟಿ, ಚಕ್ರ ಸಂದಿಗೆ ಬಿದ್ದರೆ ಮುಗಿಯಿತು. ಮಳೆಯಲ್ಲಿ ಬಿಳಿ ಬಣ್ಣದ ಗೆರೆ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ತಗಡು, ಬಿದ್ದ ಎಲೆ, ಇವುಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ. ಬಹಳ ದಿನದ ಮೇಲೆ ಬಂದ ಮಳೆಯ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಜಾರು. ಎಣ್ಣೆ, ಧೂಳು ಮೇಲೆದ್ದು ತೇಲುತ್ತಿರುತ್ತದೆ. ರಿಮ್ ಬ್ರೇಕ್ ಒದ್ದೆಯಾದರೆ ಮೊದಲ ಒಂದೆರಡು ಸುತ್ತು ನೀರು ಒರೆಸಲು ಹೋಗುತ್ತದೆ, ಆಮೇಲೆ ಕಚ್ಚುತ್ತದೆ. ಬೇಗ ಹಿಡಿಯಿರಿ.

9. ಈಗ ಕಾಲಿಗೆ ಕೆಲಸ

ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವ ಗೇರ್ ಹಿಡಿಯಿರಿ. ಭಾರದ ಗೇರ್ ಹಾಕಿ ಒದ್ದಾಡುವವರಿಗೆ ಬೇಕೆಂದಾಗ ಚಿಮ್ಮಲು ಆಗುವುದಿಲ್ಲ. ನಿಲ್ಲುವ ಮೊದಲೇ ಗೇರ್ ಇಳಿಸಿಟ್ಟುಕೊಂಡರೆ ಹಸಿರು ಬಿದ್ದ ಮೊದಲ ಮೂರು ಸೆಕೆಂಡಿನಲ್ಲಿ ನೀವೇ ಮುಂದೆ. ಮೊಣಕೈ ಬಾಗಿಸಿ ಮೈ ತಗ್ಗಿಸಿ, ಗಾಳಿಗೆ ಎದೆ ಕೊಡಬೇಡಿ. ಜೋತಾಡುವ ಜಾಕೆಟ್ ಕೂಡ ಬ್ರೇಕೇ.

ದೂರದಲ್ಲಿ ಕೆಂಪು ದೀಪ ಕಂಡರೆ ಅಲ್ಲೇ ತುಳಿಯುವುದು ನಿಲ್ಲಿಸಿ. ಉರುಳುತ್ತಾ ಹೋಗಿ. ನೀವು ಹತ್ತಿರ ಬರುವಷ್ಟರಲ್ಲಿ ಹಸಿರಾದರೆ 15ರ ವೇಗದಲ್ಲೇ ದಾಟುತ್ತೀರಿ. ಓಡಿಹೋಗಿ ಬ್ರೇಕ್ ಹಿಡಿದು ನಿಂತವನು ಸೊನ್ನೆಯಿಂದ ಶುರು ಮಾಡಬೇಕು. ಕೆಂಪು ದೀಪ ಹಾರಿಸುವ ಮಾತು ಬೇಡ.

10. ರಾತ್ರಿ

ಮುಂದೆ ಬಿಳಿ, ಹಿಂದೆ ಕೆಂಪು. ಮುಂದಿನ ದೀಪ ನೆಲಕ್ಕೆ ಬಾಗಿರಲಿ, ಎದುರಿನವನ ಕಣ್ಣಿಗಲ್ಲ. ಪೆಡಲ್‌ನ ರಿಫ್ಲೆಕ್ಟರ್ ಕಿತ್ತು ಹಾಕಬೇಡಿ. ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡ ಕೂಡಲೇ ಇದು ಸೈಕಲ್ ಅಂತ ದೂರದಿಂದಲೇ ತಿಳಿಯುತ್ತದೆ. ಹಗಲಲ್ಲೂ ನಾನು ಹಿಂದಿನ ದೀಪ ಹಾಕಿಯೇ ಹೋಗುವುದು, ಮರದ ನೆರಳಿನ ರಸ್ತೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಯಾರಾದರೂ ಒತ್ತಿಕೊಂಡು ಹೋದರೆ ಬೆನ್ನಟ್ಟಬೇಡಿ. ಆ ಸಿಟ್ಟಿನಲ್ಲಿ ಮುಂದಿನ ಅಡ್ಡರಸ್ತೆ ಕಾಣುವುದಿಲ್ಲ. ನಾಲ್ಕು ಉಸಿರು ಎಳೆದುಕೊಂಡು, ಗೇರ್ ಇಳಿಸಿ, ನಿಧಾನಕ್ಕೆ ಹೊರಡಿ.

ಮನೆ ಮುಟ್ಟಿದ ಮೇಲೆ ಇನ್ನೂ ಎರಡು ನಿಮಿಷದ ಕೆಲಸ ಉಳಿದಿದೆ. ಚಕ್ರ ತಿರುಗಿಸುತ್ತಾ ಟೈರನ್ನು ಇಂಚಿಂಚೂ ನೋಡಿ. ಅಕ್ಕಿಕಾಳಿನಷ್ಟು ಗಾಜಿನ ಚೂರು ರಬ್ಬರಿನಲ್ಲಿ ಅರ್ಧ ಹೂತು ಕೂತಿರುತ್ತದೆ. ಇವತ್ತು ತೂತು ಮಾಡಿರುವುದಿಲ್ಲ, ನಾಳೆಯೋ ನಾಡಿದ್ದೋ ಒಳಗೆ ಇಳಿದು ಟ್ಯೂಬ್ ಮುಟ್ಟುತ್ತದೆ. ಸೂಜಿಯ ಮೊನೆಯಿಂದ ಎಬ್ಬಿಸಿ ತೆಗೆದುಬಿಡಿ.